ಬಟನ್ನಿಗೂ ಗೋತ್ರ ಬೇಕು

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ‘ಉಳಿಸಿ’ ಎಂದು ಬರೆಸಿಕೊಂಡು ಕೂತ ಬಟನ್ನನ್ನು ಕಂಡರೆ ಜನ ಸುಮ್ಮನೆ ಒತ್ತಿಬಿಡುತ್ತಾರೆ. ಯಾವ ಮನೆತನದ್ದು, ಹಿರಿಯರು ಯಾರು ಎಂದು ಒಂದು ಮಾತು ವಿಚಾರಿಸುವುದಿಲ್ಲ. ಜಾವಾ ಭಾಷೆಯ ಸ್ವಿಂಗ್ ಎಂಬ ಮನೆಯಲ್ಲಿ ಹುಟ್ಟಿದ ಬಟನ್ನಿಗೆ ಜೆಬಟನ್ ಎಂದು ಹೆಸರು. ಅದರ ಅಪ್ಪ ಅಬ್‌ಸ್ಟ್ರಾಕ್ಟ್‌ಬಟನ್, ಅಜ್ಜ ಜೆಕಾಂಪೊನೆಂಟ್, ಮುತ್ತಜ್ಜ ಕಂಟೇನರ್, ಅವನಪ್ಪ ಕಾಂಪೊನೆಂಟ್, ಎಲ್ಲರಿಗೂ ಮೂಲಪುರುಷ ಆಬ್ಜೆಕ್ಟ್. ಐವರು ಹಿರಿಯರು, ಅಂದರೆ ಪಂಚಾರ್ಷೇಯ ಪ್ರವರ. ಯಲ್ಲಾಪುರ ಸೀಮೆಯಲ್ಲಿ ಈಚೆಗೆ ಉಪನಯನವಾದ ಮಾಣಿಯೊಬ್ಬನನ್ನು ನಿಲ್ಲಿಸಿ ಪ್ರವರ ಹೇಳು ಎಂದರೆ ಎರಡನೆಯ ಋಷಿಗೆ ಬರುವಷ್ಟರಲ್ಲಿ ಅಪ್ಪಯ್ಯನ ಮುಖ ನೋಡುತ್ತಾನೆ. ಬಟನ್ ಯಾರ ಮುಖವನ್ನೂ ನೋಡುವುದಿಲ್ಲ. ಅದರ ದಾಖಲೆಪುಟದ ನೆತ್ತಿಯಲ್ಲೇ ಐದೂ ಹೆಸರು ಒಂದರ ಕೆಳಗೊಂದು ಮೆಟ್ಟಿಲಿಟ್ಟುಕೊಂಡು ಇಳಿದಿವೆ.

ಇಂಥ ಕುಲೀನ ವ್ಯವಸ್ಥೆಯನ್ನು ಕೆಲವರು ಹಳಿಯತೊಡಗಿದ್ದಾರೆ. ಅದಕ್ಕಾಗಿಯೇ ಈ ನಾಲ್ಕು ಮಾತು.

ಡೆಸ್ಕ್‌ಟಾಪ್ ಸಾಫ್ಟ್‌ವೇರಿನ ಕಿಟಕಿ ಕಟ್ಟುವವರಲ್ಲಿ ಎರಡು ಪಂಗಡ. ಒಂದು ಇನ್‌ಹೆರಿಟೆನ್ಸಿನದು. ಹೊಸ ಕಿಟಕಿ ಬೇಕೆಂದರೆ ಇರುವ ಒಂದು ಕಿಟಕಿಗೆ ಮಗನಾಗಿ ಹುಟ್ಟಿಸುವುದು. ಅಪ್ಪನಲ್ಲಿದ್ದ ಚೌಕ, ಪಟ್ಟಿ, ಬಟನ್ನು, ಬುದ್ಧಿ, ದುರ್ಬುದ್ಧಿ ಎಲ್ಲವೂ ಮಗನಿಗೆ ಹುಟ್ಟಿನಿಂದಲೇ ಬರುತ್ತವೆ. ಇನ್ನೊಂದು ಕಾಂಪೊಸಿಷನ್ನಿನದು. ಅವರ ಕಿಟಕಿ ಯಾರ ಮಗನೂ ಅಲ್ಲ. ತೂಕ ಬರೆಯುವುದಕ್ಕೆ ಒಂದು ತುಂಡು, ದರಕ್ಕೆ ಒಂದು ತುಂಡು, ಖಾತೆಗೆ ಒಂದು ತುಂಡು ತಂದು ಪಕ್ಕಪಕ್ಕ ಕೂರಿಸುತ್ತಾರೆ. ಕೆಲಸ ಇದ್ದಷ್ಟು ದಿನ ಇಟ್ಟುಕೊಳ್ಳುತ್ತಾರೆ, ಮುಗಿದ ಮೇಲೆ ತೆಗೆದಿಡುತ್ತಾರೆ. ಶ್ರಾದ್ಧವಿಲ್ಲ, ಸೂತಕವಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಲಿತ ಬುದ್ಧಿ ಇದು ಎಂದು ನನ್ನ ಗುಮಾನಿ.

ಯಲ್ಲಾಪುರದವರಿಗೆ ಮೊದಲ ಪಂಗಡವೇ ಸಹಜ. ಇಲ್ಲಿ ತೋಟ ಬಂತೆಂದರೆ ಅದರ ಹಿಂದೆ ಸೊಪ್ಪಿನ ಬೆಟ್ಟ ಬಂತು, ಬೆಟ್ಟದ ಗಡಿಯ ತಕರಾರು ಬಂತು, ಮೆತ್ತಿನ ಮೇಲಿನ ತಳ ಸೋರುವ ತಾಮ್ರದ ಹಂಡೆ ಬಂತು. ಪಹಣಿಯ 9ನೇ ಕಾಲಂನಲ್ಲಿ ಹೆಸರು ಏರಿದ ಸಂತೋಷದಲ್ಲಿ 11ನೇ ಕಾಲಂ ಕಡೆ ಕಣ್ಣು ಹಾಯಿಸಿದರೆ ಅಜ್ಜ ಎತ್ತಿದ ಸಾಲವೂ ಅಲ್ಲಿ ಭದ್ರವಾಗಿ ಕೂತಿರುತ್ತದೆ. ಹಂಡೆ ಬೇಡ, ತೋಟ ಮಾತ್ರ ಸಾಕು ಎನ್ನುವವನಿಗೆ ಮನೆತನ ಎಂದರೇನೆಂದು ತಿಳಿದಿಲ್ಲ. ಜೆಬಟನ್ನೂ ಹಾಗೆಯೇ. ಅದರ ಮುತ್ತಜ್ಜ ಕಂಟೇನರ್ ಎಂದೆನಲ್ಲ, ಕಂಟೇನರಿನ ಕುಲಕಸುಬು ತನ್ನೊಳಗೆ ಬೇರೆಯವರನ್ನು ಇಟ್ಟುಕೊಳ್ಳುವುದು. ಹಾಗಾಗಿ ಬಟನ್ನಿನೊಳಗೆ ಇನ್ನೊಂದು ಬಟನ್, ಅದರೊಳಗೆ ಮತ್ತೊಂದು ಬಟನ್ ತುಂಬಬಹುದು. ಬರೀ ಹೆಸರು ತೋರಿಸಲೆಂದು ಹುಟ್ಟಿದ ಜೆಲೇಬಲ್ಲಿನ ಹೊಟ್ಟೆಯಲ್ಲೂ ಬಟನ್ ಇಡಬಹುದು. ಕಂಪೈಲರ್ ಚಕಾರ ಎತ್ತುವುದಿಲ್ಲ. ಯಾರಿಗೆ ಬೇಕಿತ್ತು ಎಂದು ಕೇಳಬೇಡಿ. ಹಂಡೆಯೂ ಯಾರಿಗೂ ಬೇಕಿಲ್ಲ.

ಇಷ್ಟು ಪೀಠಿಕೆಯ ಮೇಲೆ ನಮ್ಮ ಕಡೆಯ ಒಂದು ಸಹಕಾರಿ ಸಂಘದ ಸಾಫ್ಟ್‌ವೇರಿನ ಗುಣಗಾನಕ್ಕೆ ಬರುತ್ತೇನೆ. ಹೆಸರು ಬೇಡ, ಸಂಕೋಚದ ಜನ. ಮಳೆಗಾಲದಲ್ಲಿ ಇಲ್ಲಿ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೆ ನೆಟ್ಟು. ಅರಬೈಲ್ ಘಟ್ಟದಲ್ಲಿ ಒಂದು ಮರ ಮಗುಚಿದರೆ ಊರಿಗೂ ಜಗತ್ತಿಗೂ ಸಂಬಂಧ ತಪ್ಪುತ್ತದೆ. ಹಾಗಾಗಿ ಅಡಿಕೆ ತೂಗಿ ಪಟ್ಟಿ ಬರೆಯುವ ಸಾಫ್ಟ್‌ವೇರು ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಇರಬೇಕು, ಯುಪಿಎಸ್ ಉಸಿರು ಹಿಡಿದಷ್ಟು ಹೊತ್ತಾದರೂ ನಡೆಯಬೇಕು ಎಂದು ಸಂಘ ತೀರ್ಮಾನಿಸಿತು. ಕಟ್ಟಿಕೊಟ್ಟವ ನಮ್ಮ ಕಡೆಯವನೇ ಒಬ್ಬ ಮಾಣಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವ. ಕಾಲೇಜಿನ ಪುಸ್ತಕದಲ್ಲಿ ಪ್ರಾಣಿ ಎಂಬ ಕ್ಲಾಸು, ಅದಕ್ಕೆ ನಾಯಿ ಎಂಬ ಮಗ, ಬೆಕ್ಕು ಎಂಬ ಮಗಳು ಇದ್ದದ್ದು ಅವನ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಲ್ಯಾಬಿನಲ್ಲಿ ಮಾಡಿದ ಪ್ರತಿ ಕಿಟಕಿಯೂ ಸ್ವಿಂಗಿನ ಜೆಫ್ರೇಮ್ ಎಂಬ ಕಿಟಕಿಯ ಮಗನಾಗಿಯೇ ಹುಟ್ಟಿತ್ತು. ಹೀಗಾಗಿ ಅವನು ಕೂತು ಮೊದಲು ಬರೆದದ್ದು ಕೋಡ್ ಅಲ್ಲ, ವಂಶವೃಕ್ಷ. ಮೂಲಕಿಟಕಿ, ಅದರ ಮಗ ಬೆಳೆಕಿಟಕಿ, ಅದರ ಮಗ ಅಡಿಕೆಕಿಟಕಿ, ಅದಕ್ಕೆ ರಾಶಿ, ಚಾಲಿ, ಅಪಿ, ತಟ್ಟಿಬೆಟ್ಟೆ, ಕೋಕಾ, ಬಿಳಿಗೋಟು, ಕೆಂಪುಗೋಟು ಎಂದು ಏಳು ಮಕ್ಕಳು. ಮನೆ ತುಂಬಿತು.

ಸಂಘದಲ್ಲಿ ವ್ಯವಹರಿಸುವವರಲ್ಲಿ ಸದಸ್ಯರೂ ಇದ್ದರು, ಸದಸ್ಯರಲ್ಲದವರೂ ಇದ್ದರು. ದುಡ್ಡನ್ನು ಕೆಲವರು ನಗದು ಒಯ್ಯುತ್ತಿದ್ದರು, ಕೆಲವರು ಖಾತೆಗೆ ಜಮಾ ಮಾಡಿಸುತ್ತಿದ್ದರು. ಏಳನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿ ಮಾಣಿ 28 ಕಿಟಕಿ ಹುಟ್ಟಿಸಿದ. ‘ಸದಸ್ಯನಗದುಕೆಂಪುಗೋಟುಕಿಟಕಿ’ ಎಂಬ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ಪ್ರಾಣಾಯಾಮಕ್ಕೂ ಒಳ್ಳೆಯದು. ಜಾವಾದಲ್ಲಿ ಕ್ಲಾಸಿಗೆ ಒಬ್ಬನೇ ಅಪ್ಪ. ಆ ಮಟ್ಟಿಗೆ ಅದು ಮರ್ಯಾದಸ್ಥರ ಭಾಷೆ. ಕೆಂಪುಗೋಟಿನ ಮಗನಾದವನು ನಗದಿನ ಮಗನೂ ಆಗುವಂತಿಲ್ಲ. ಆದ್ದರಿಂದ ನಗದು ಕೊಡುವ ಕೋಡನ್ನು ನಗದಿನ 14 ಕಿಟಕಿಗಳಲ್ಲೂ ಬೇರೆಬೇರೆಯಾಗಿ ಅಂಟಿಸಿದ. 2017ರ ಏಪ್ರಿಲ್ 1ರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ನಿಯಮ ಬಂದಾಗ ಮಾಣಿ ಬಂದು 13 ಕಿಟಕಿ ತಿದ್ದಿ ಕಾಪಿ ಕುಡಿದು ಹೋದ. ಉಳಿದದ್ದು ಸದಸ್ಯೇತರರ ಕೋಕಾ. ಕೋಕಾ ಯಾರು ಅಷ್ಟು ತರುತ್ತಾರೆ ಎಂದು ಸಂಘವೂ ಸುಮ್ಮನಾಯಿತು. ದೊಡ್ಡ ಕುಟುಂಬದಲ್ಲಿ ಮಾತು ಕೇಳದವನು ಒಬ್ಬ ಇದ್ದೇ ಇರುತ್ತಾನೆ.

ಈ ವ್ಯವಸ್ಥೆಯ ನಿಜವಾದ ಹೆಚ್ಚಳ ಕಂಡದ್ದು ಕಾಳುಮೆಣಸು ಬಂದಾಗ. ಮೆಣಸಿಗೂ ತೂಕ ಬೇಕು, ದರ ಬೇಕು, ಚೀಲದ ಲೆಕ್ಕ ಬೇಕು. ಇವೆಲ್ಲ ಅಡಿಕೆಕಿಟಕಿಯಲ್ಲಿ ಇದ್ದದ್ದರಿಂದ ಮಾಣಿ ಮೆಣಸನ್ನು ಅಡಿಕೆಯ ಮಗ ಎಂದು ಘೋಷಿಸಿದ. ತೋಟದಲ್ಲಿ ಮೆಣಸಿನ ಬಳ್ಳಿ ಅಡಿಕೆ ಮರವನ್ನು ಅಪ್ಪಿಕೊಂಡೇ ಬೆಳೆಯುವುದರಿಂದ ಸಸ್ಯಶಾಸ್ತ್ರವೂ ಹೆಚ್ಚು ಆಕ್ಷೇಪಿಸುವಂತಿರಲಿಲ್ಲ. ಒಂದೇ ತೊಡಕು, ಅಡಿಕೆಕಿಟಕಿಯಲ್ಲಿ ‘ಸುಲಿದದ್ದೇ?’ ಎಂಬ ಟಿಕ್ ಚೌಕವಿತ್ತು. ಟಿಕ್ ಹಾಕದಿದ್ದರೆ ಸಿಪ್ಪೆಗೋಟಿನ ದರ. ಮಗ ಅಪ್ಪನ ಆಸ್ತಿಯನ್ನು ಬೇಡ ಎನ್ನುವಂತಿಲ್ಲ, ಆದರೆ ಬಚ್ಚಿಡಬಹುದು. ಮೆಣಸಿನ ಕಿಟಕಿಯಲ್ಲಿ ಆ ಚೌಕವನ್ನು ಕಾಣದಂತೆ ಮಾಡಿ ಟಿಕ್ಕನ್ನು ಒಳಗಿನಿಂದಲೇ ಹಾಕಿಟ್ಟ. ಎರಡು ವರ್ಷ ಎಲ್ಲ ಸುಖವಾಗಿತ್ತು.

ಆಮೇಲೆ ಯಾರೋ ಮೂಲಕಿಟಕಿಯನ್ನು ಸುಧಾರಿಸಿದರು. ‘ಹೊಸ ನಮೂದು’ ಒತ್ತಿದಾಗ ಎಲ್ಲ ಚೌಕವೂ ಖಾಲಿಯಾಗಿ, ಎಲ್ಲವೂ ಕಣ್ಣಿಗೆ ಕಾಣುವಂತೆ ಆಗಲಿ ಎಂದು ಒಂದು ಸಾಲು ಸೇರಿಸಿದರು. ಸದುದ್ದೇಶ. ಮೂಲಪುರುಷನ ಮಾತು ಮರಿಮಕ್ಕಳವರೆಗೆ ಇಳಿಯಿತು, ಮೆಣಸಿನ ಕಿಟಕಿಯಲ್ಲಿ ಬಚ್ಚಿಟ್ಟದ್ದು ಹೊರಗೆ ಬಂತು. ಮಾರನೆಯ ದಿನ ಮೆಣಸಿನ ಚೀಲ ಇಳಿಸಿದ ಹಿರಿಯರೊಬ್ಬರು ಗುಮಾಸ್ತನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ತಮಾ, ಇದು ಮೆಣಸು. ಸುಲಿದದ್ದನ ಹೇಳಿ ಎಂತಕ್ಕೆ ಕೇಳ್ತು?”

“ಹೆಗಡೇರೆ, ಅದು ಅಡಿಕೆ ಕಿಟಕಿ ಮಗ ಅಲ್ದ. ಕೇಳ್ತು.”

“ಇಲ್ಲೆ ಅಂದ್ರೆ?”

“ಸಿಪ್ಪೆಗೋಟಿನ ದರ ಹಾಕ್ತು.”

ಹಿರಿಯರು ತಾವೇ ಬೆರಳು ನೀಡಿ ‘ಹೌದು’ ಒತ್ತಿದರು. ಇದನ್ನೇ ಟೀಕಾಕಾರರು ದೋಷ ಎನ್ನುತ್ತಾರೆ, ದುರ್ಬಲ ಮೂಲಕ್ಲಾಸಿನ ಸಮಸ್ಯೆ ಎಂದು ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. ಮೇಲಿನವರು ಒಳ್ಳೆಯದನ್ನೇ ಮಾಡಿದರೂ ಕೆಳಗಿನವರು ಮುರಿದು ಬೀಳುತ್ತಾರೆ ಎಂಬುದು ಅವರ ದೂರು. ದೂರದೃಷ್ಟಿ ಇಲ್ಲದ ಮಾತು. ನಮ್ಮಲ್ಲಿ ಮೆಣಸಿನ ಸಿಪ್ಪೆ ಕಳಚಿ ಬೋಳಕಾಳು ಮಾಡುವವರು ಇಲ್ಲವೆ? ಅವರಿಗೆ ಆ ಪ್ರಶ್ನೆ ನೇರ ಅನ್ವಯಿಸುತ್ತದೆ. ಅಡಿಕೆಕಿಟಕಿ ಅದನ್ನು ಮೊದಲೇ ಮನಗಂಡಿತ್ತು ಎಂದೇ ನಾನು ನಂಬುತ್ತೇನೆ.

ಬಾರ್ಬರಾ ಲಿಸ್ಕೋವ್ ಎಂಬ ವಿದುಷಿ 1987ರಲ್ಲಿ ಒಂದು ನಿಯಮ ಹೇಳಿದ್ದರು. ಅಪ್ಪ ಕೂರುವ ಜಾಗದಲ್ಲಿ ಮಗನನ್ನು ಕೂರಿಸಿದರೆ ವ್ಯವಹರಿಸುವವರಿಗೆ ವ್ಯತ್ಯಾಸ ಗೊತ್ತಾಗಬಾರದು. ಗೊತ್ತಾಗುತ್ತದೆ ಎಂದರೆ ಅವನು ಮಗನೇ ಅಲ್ಲ. ಎಷ್ಟು ಕಠೋರ! ಈ ನಿಯಮ ಹಿಡಿದು ಹೊರಟರೆ ತಾಲ್ಲೂಕಿನಲ್ಲಿ ಎಷ್ಟು ಮನೆಗಳ ಉತ್ತರಾಧಿಕಾರ ಉಳಿದೀತು? ಸ್ವಿಂಗ್ ಈ ವಿಷಯದಲ್ಲಿ ಬಹಳ ಉದಾರಿ. ಅದರ ಜೆಫ್ರೇಮ್, ಅಂದರೆ ಪೂರ್ತಿ ಕಿಟಕಿ, ಕಂಟೇನರಿನ ಮೊಮ್ಮಗನ ಮಗ. ಕಾಗದಪತ್ರದ ಪ್ರಕಾರ ಅದನ್ನು ಯಾವ ಕಂಟೇನರಿನೊಳಗೆ ಬೇಕಾದರೂ ಸೇರಿಸಬಹುದು, ಕಂಪೈಲರ್ ಮೊಹರು ಹಾಕಿ ಕಳಿಸುತ್ತದೆ. ಪ್ರೋಗ್ರಾಮ್ ಓಡುವಾಗ ಮಾತ್ರ ಬಾಗಿಲಲ್ಲಿ ತಡೆದು, ಕಿಟಕಿಯನ್ನು ಕಂಟೇನರಿನೊಳಗೆ ಸೇರಿಸುತ್ತಿದ್ದೀರಿ ಎಂದು ತಪ್ಪು ಹೊರಿಸಿ ಹೊರಗೆ ಹಾಕುತ್ತದೆ. ಹಕ್ಕೂ ಇದೆ, ಪ್ರವೇಶವೂ ಇಲ್ಲ.

ಜೆಫ್ರೇಮಿನ ಇನ್ನೊಂದು ಪ್ರಸಂಗವನ್ನಂತೂ ಯಕ್ಷಗಾನಕ್ಕೆ ಹೊಂದಿಸಬೇಕು. 1998ರ ಡಿಸೆಂಬರಿನಲ್ಲಿ ಜಾವಾ 1.2ರ ಜೊತೆ ಸ್ವಿಂಗ್ ಬಂದಾಗ ಜೆಫ್ರೇಮಿಗೆ ಕಂಟೇನರಿನಿಂದ ‘ಸೇರಿಸು’ ಎಂಬ ಮೆಥಡ್ ಪಿತ್ರಾರ್ಜಿತವಾಗಿ ಬಂದಿತ್ತು. ಯಾರಾದರೂ ನಂಬಿ ಅದನ್ನು ಕರೆದರೆ ಜೆಫ್ರೇಮ್ ಎರರ್ ಎಸೆದು, ನನ್ನಲ್ಲಿ ಸೇರಿಸಬೇಡಿ, ನನ್ನೊಳಗಿನ ಕಂಟೆಂಟ್‌ಪೇನ್ ಎಂಬುವನಲ್ಲಿ ಸೇರಿಸಿ ಎಂದು ಬಯ್ಯುತ್ತಿತ್ತು. ಅಂದರೆ ಮೆಥಡ್ ಆಸ್ತಿಯಾಗಿ ಬಂದದ್ದು ನಿಜ, ಅನುಭವಿಸುವಂತಿರಲಿಲ್ಲ. 2004ರ ಜಾವಾ 5ರಲ್ಲಿ ಆ ಬೈಗುಳ ನಿಂತಿತು. ‘ಸೇರಿಸು’ ಎಂದರೆ ಜೆಫ್ರೇಮ್ ತಾನೇ ಸುಮ್ಮನೆ ಕಂಟೆಂಟ್‌ಪೇನಿಗೆ ದಾಟಿಸತೊಡಗಿತು. ಒಳಗೆ ಇಟ್ಟುಕೊಂಡವನಿಗೆ ಕೆಲಸ ದಾಟಿಸುವುದು ಎಂದರೆ ಕಾಂಪೊಸಿಷನ್ನೇ ಅಲ್ಲವೆ ಎಂದು ಎದುರು ಪಂಗಡದವರು ಕುಟುಕುತ್ತಾರೆ. ಜಗುಲಿಯ ಮೇಲೆ ಕೂತವರು ಅಪ್ಪಣೆ ಕೊಟ್ಟು ಒಳಗಿನವರು ಮಾಡಿದರೂ ಊರು ಹೇಳುವುದು ಯಜಮಾನರೇ ಮಾಡಿದರು ಎಂದು. ಇದರಲ್ಲಿ ಕುಟುಕುವುದೇನಿದೆ?

ಈ ಕುಲಧರ್ಮ ಹುಟ್ಟಿದ್ದು ನಾರ್ವೆಯಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೀಗೋರ್ ಸಿಮುಲಾ 67 ಭಾಷೆಯಲ್ಲಿ ಅದನ್ನು ಪ್ರತಿಷ್ಠಾಪಿಸಿದರು, 2001ರಲ್ಲಿ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದರು. ಮನೆಗೆ ಬೆಂಕಿ ಇಟ್ಟವರು ಹೊರಗಿನವರಾಗಿದ್ದರೆ ಸಹಿಸಬಹುದಿತ್ತು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸೈಡ್ಸ್ ಎಂಬ ನಾಲ್ವರು ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಪುಸ್ತಕ ಬರೆದು, ವಂಶಕ್ಕಿಂತ ಜೋಡಣೆಯೇ ಮೇಲು ಎಂದು ಸಾರಿದರು. ಗಾಮಾ ಇಟಿ++ ಎಂಬ, ವ್ಲಿಸೈಡ್ಸ್ ಇಂಟರ್‌ವ್ಯೂಸ್ ಎಂಬ ಕಿಟಕಿ ಕಟ್ಟುವ ಸಲಕರಣೆಗಳಲ್ಲೇ ಕೈ ಪಳಗಿಸಿಕೊಂಡವರು. ಉಂಡ ಮನೆಯದೇ ಜಂತಿ ಎಣಿಸಿದರು. ಅವರು ಕೊಟ್ಟ ಉದಾಹರಣೆಯೂ ಕಿಟಕಿಯದೇ. ಬರಹದ ಚೌಕಕ್ಕೆ ಅಂಚು ಬೇಕು, ಸ್ಕ್ರಾಲ್‌ಬಾರ್ ಬೇಕು ಎಂದಾಗ ಅಂಚಿನ ಮಗ, ಸ್ಕ್ರಾಲಿನ ಮಗ, ಎರಡೂ ಇರುವ ಮಗ ಎಂದು ಹುಟ್ಟಿಸುತ್ತ ಹೋಗುವ ಬದಲು ಅಂಚನ್ನೂ ಸ್ಕ್ರಾಲನ್ನೂ ಹೊದಿಕೆಯಾಗಿ ಮೇಲಿಂದ ಹೊದಿಸಿ ಎಂದರು. ನಮ್ಮ ಮಾಣಿಯ 28ಕ್ಕೆ ಏನು ಗತಿ?

ಅದೇ 1994ರ ಜುಲೈ ಕೊನೆಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಜಾರಿಯಾಗಿ ಹೆಣ್ಣುಮಕ್ಕಳಿಗೂ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಬಂತು, ಅದೂ ಅಷ್ಟರಲ್ಲಿ ಮದುವೆಯಾಗಿರದವರಿಗೆ ಮಾತ್ರ. ಒಂದೇ ವರ್ಷದಲ್ಲಿ ಎರಡು ಆಘಾತ. 2005ರಲ್ಲಿ ಕೇಂದ್ರವೂ ಅದೇ ಕಾಯ್ದೆಯನ್ನು ತಿದ್ದಿ, ಆಮೇಲೆ ಮಾಡಿದ ಸಾಲಕ್ಕೆ ಪಿತೃಋಣದ ಧರ್ಮ ಎಂಬ ಒಂದೇ ಕಾರಣದಿಂದ ಮಗ, ಮೊಮ್ಮಗ, ಮರಿಮಗನನ್ನು ಹಿಡಿಯುವಂತಿಲ್ಲ ಎಂದಿತು. ಮನುಷ್ಯರು ಹೀಗೆ ಕೈ ತೊಳೆದುಕೊಂಡ ಮೇಲೆ ಮುತ್ತಜ್ಜನ ಋಣವನ್ನು ನಿಷ್ಠೆಯಿಂದ ಹೊರುತ್ತಿರುವವನು ಜೆಬಟನ್ ಒಬ್ಬನೇ. ತಪ್ಪಿದೆ, ಇನ್ನೊಬ್ಬನಿದ್ದಾನೆ. 2006ರಲ್ಲಿ ಮೈಕ್ರೋಸಾಫ್ಟ್ ತಂದ ಡಬ್ಲ್ಯುಪಿಎಫ್‌ನ ಬಟನ್ನು ಮೂಲಪುರುಷನಿಂದ ತನ್ನವರೆಗೆ ಹತ್ತು ತಲೆಮಾರು ಎಣಿಸುತ್ತದೆ. ಮಿತಾಕ್ಷರವೇ ನಾಲ್ಕು ತಲೆಮಾರಿಗೆ ಸಾಕು ಎಂದು ಗೆರೆ ಎಳೆದಿತ್ತು.

ಲಿನಕ್ಸಿನ ಕಡೆಯ ಜಿಟಿಕೆ ಮನೆಯ ಹಿಸ್ಸೆಯ ಸುದ್ದಿ ಕೇಳಿದಾಗ ಮಾತ್ರ ಸಂಕಟವಾಯಿತು. ಜಿಟಿಕೆ 3ರಲ್ಲಿ ಬಟನ್ನು ಆರು ತಲೆಮಾರಿನ ಕುಲೀನ. ಜಿಟಿಕೆ-ಕಂಟೇನರ್, ಜಿಟಿಕೆ-ಬಿನ್ ಎಂಬ ಹಿರಿಯರು ಮಧ್ಯದಲ್ಲಿ ಗಂಭೀರವಾಗಿ ಕೂತಿದ್ದರು. 2020ರ ಡಿಸೆಂಬರಿನಲ್ಲಿ ಬಂದ ಜಿಟಿಕೆ 4 ಆ ಇಬ್ಬರನ್ನೂ ಮನೆಯಿಂದ ತೆಗೆದುಹಾಕಿತು. ಈಗ ಬಟನ್ನು ನೇರವಾಗಿ ಜಿಟಿಕೆ-ವಿಜೆಟ್ಟಿನ ಮಗ, ಲೆಕ್ಕ ಹಾಕಿದರೆ ಸರಿಯಾಗಿ ನಾಲ್ಕೇ ತಲೆಮಾರು. ಮಕ್ಕಳನ್ನು ಇಟ್ಟುಕೊಳ್ಳುವ ಕಸುಬನ್ನು ಬೇಕಾದವರಿಗೆ ಬೇಕಾದಷ್ಟು ಹಂಚಿಕೊಟ್ಟರು. ಲೇಬಲ್ ಮುಂತಾದ ಹಲವರಿಗೆ ಇನ್ನು ಮುಂದೆ ಸಂತಾನವೇ ಆಗದಂತೆ ಮುದ್ರೆ ಹಾಕಿದರು. ಅಷ್ಟಾದರೂ ಕಿಟಕಿಗಳು ತೆರೆಯುತ್ತಿವೆ, ಬಟನ್ನುಗಳು ಒತ್ತಿಸಿಕೊಳ್ಳುತ್ತಿವೆ. ಇದನ್ನು ನೋಡಿಯೂ ಹಿರಿಯರು ಬೇಕಾಗಿರಲಿಲ್ಲವೇನೋ ಎಂಬ ಅನುಮಾನ ನನಗೆ ಬಂದಿಲ್ಲ.

ನಮ್ಮ ಸಂಘಕ್ಕೂ ಆ ಗಾಳಿ ಬೀಸಿತು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಮನೆಗೆ ಬಂದು ಇಲ್ಲೇ ನಿಂತ ಕೂಸೊಬ್ಬಳು ಹೊಸ ಸಾಫ್ಟ್‌ವೇರು ಬರೆದು ತಂದಳು. ಅವಳ ಲೆಕ್ಕದಲ್ಲಿ ಅಡಿಕೆಯ ಏಳು ನಮೂನೆಗೆ ಏಳು ಸಣ್ಣ ತುಂಡು, ಸದಸ್ಯತ್ವಕ್ಕೆ ಎರಡು, ಪಾವತಿಗೆ ಎರಡು, ಒಟ್ಟು 11. ಗುಣಾಕಾರವೇ ಇಲ್ಲ, ಬರೀ ಸಂಕಲನ. ಟೆಂಡರಿನಲ್ಲಿ ಹೋದದ್ದು, ಸಂಘವೇ ಕೊಂಡದ್ದು ಎಂದು ಹೊಸ ಭೇದ ಬಂದರೆ ಮಾಣಿಯ ಮನೆಯಲ್ಲಿ 28 ಇದ್ದದ್ದು 56 ಆಗುತ್ತಿತ್ತು, ಅವಳಲ್ಲಿ 13. ಮೆಣಸಿನ ಕಿಟಕಿಗೆ ತೂಕದ ತುಂಡು, ದರದ ತುಂಡು ಇಟ್ಟಿದ್ದಳು. ಸುಲಿಯುವ ತುಂಡು ಇಟ್ಟಿರಲಿಲ್ಲ, ಹಾಗಾಗಿ ಬಚ್ಚಿಡುವ ಪ್ರಮೇಯವೂ ಇರಲಿಲ್ಲ. ನಗದಿನ ನಿಯಮ ಒಂದೇ ಕಡೆ ಇತ್ತು. ಇಷ್ಟು ಬಡತನವನ್ನು ಆಡಳಿತ ಮಂಡಳಿ ಹಿಂದೆಂದೂ ಕಂಡಿರಲಿಲ್ಲ.

ಸಭೆಯಲ್ಲಿ ಮೊದಲ ಪ್ರಶ್ನೆ ಸಹಜವಾಗಿ ಬಂತು. “ಇದರ ಮೂಲ ಯಾವುದು ತಂಗಿ?” ಮೂಲ ಎಂಬುದಿಲ್ಲ, ಪ್ರತಿಯೊಂದೂ ತನ್ನ ಕೆಲಸ ಮಾಡುತ್ತದೆ ಎಂದಳು. ಸಭೆ ಕ್ಷಣ ಹೊತ್ತು ಮೌನವಾಯಿತು. ಮೂಲವಿಲ್ಲದ್ದಕ್ಕೆ ಏನಾದರೂ ಆದರೆ ಯಾರನ್ನು ಕೇಳುವುದು ಎಂದು ಒಬ್ಬರು, ಹಳೆಯ 28ಕ್ಕೆ ದುಡ್ಡು ಕೊಟ್ಟಾಗಿದೆಯಲ್ಲ ಎಂದು ಇನ್ನೊಬ್ಬರು ಅಂದರು. ಎರಡನೆಯ ಮಾತಿಗೆ ತೂಕ ಹೆಚ್ಚು. ಆದರೂ ಕೂಸು ನಮ್ಮದೇ ಊರಿನವಳು, ಬರಿಗೈಯಲ್ಲಿ ಕಳಿಸಬಾರದು. ಕೊನೆಗೆ ವಕೀಲಿ ತಿಳಿದ ನಿರ್ದೇಶಕರು ದಾರಿ ತೋರಿಸಿದರು: ದತ್ತು ತೆಗೆದುಕೊಳ್ಳೋಣ. 1956ರ ದತ್ತಕ ಕಾಯ್ದೆಯ ಪ್ರಕಾರ ಒಮ್ಮೆ ದತ್ತು ಹೋದವರನ್ನು ಮತ್ತೆ ದತ್ತು ತರುವಂತಿಲ್ಲ. ಜಾವಾದಲ್ಲೂ ಒಬ್ಬ ಅಪ್ಪನಿರುವ ಕ್ಲಾಸಿಗೆ ಇನ್ನೊಬ್ಬ ಅಪ್ಪನನ್ನು ಕೊಡುವಂತಿಲ್ಲ. ಅದೃಷ್ಟಕ್ಕೆ ಕೂಸಿನ ತುಂಡುಗಳಿಗೆ ಅಪ್ಪನೆಂದು ಯಾರ ಹೆಸರನ್ನೂ ಬರೆದಿರಲಿಲ್ಲ. ಯಾವ ಅಡ್ಡಿಯೂ ಇಲ್ಲ ಎಂದು ಠರಾವಾಯಿತು.

ಆ ಹೊತ್ತಿಗೆ ಸಂಘ ಜೇನುತುಪ್ಪದ ವ್ಯವಹಾರಕ್ಕೂ ಕೈ ಹಾಕಿತ್ತು. ಮಾಣಿಯನ್ನು ಕರೆಸಿದರು. ಅವನು ಕೂಸಿನ ತೂಕದ ತುಂಡನ್ನು ತೆಗೆದುಕೊಂಡು, ಜೇನುಕಿಟಕಿ ಎಂದು ಹೆಸರಿಟ್ಟು, ಅಡಿಕೆಕಿಟಕಿಯ ಮಗ ಎಂಬ ಒಂದೇ ಒಂದು ಮಾತು ಸೇರಿಸಿದ. ತಕರಾರಿಲ್ಲದೆ ಕಂಪೈಲ್ ಆಯಿತು. ಅಧ್ಯಕ್ಷರೇ ಉದ್ಘಾಟಿಸಿ ಮೊದಲ ರಸೀದಿ ತೆಗೆದರು: ಜೇನುತುಪ್ಪ, 12 ಕೆ.ಜಿ., ಸುಲಿದದ್ದು: ಹೌದು.